ಶೀಗಿ ಹುಣ್ಣಿಮೆಯ ಕುಡಗೋಲು

ನಮ್ಮ ಮನೆಯಲ್ಲಿ ಶೀಗಿ ಹುಣ್ಣಿಮೆಯ ದಿನ ಕುಡಗೋಲನ್ನು ಮುಟ್ಟುವಂತಿರಲಿಲ್ಲ. ಹಿಂದಿನ ದಿನ ಸಂಜೆಯೇ ಆಯಿ, ಎಂದರೆ ನನ್ನ ತಂದೆಯ ತಾಯಿ, ಮನೆಯ ಕುಡಗೋಲುಗಳನ್ನೆಲ್ಲ ತೊಳೆಯಿಸಿ, ಹಳೆಯ ಧೋತರದ ತುಂಡೊಂದರಲ್ಲಿ ಸುತ್ತಿ, ಜಂತಿಯ ಸಂದಿಯಲ್ಲಿ ಸಿಕ್ಕಿಸಿಬಿಡುತ್ತಿದ್ದಳು. ಆ ಹುಣ್ಣಿಮೆಗೆ ಭೂಮಿತಾಯಿ ಬಸುರಿ ಎಂಬುದು ನಮ್ಮ ಕಡೆಯ ನಂಬಿಕೆ. ಬಸುರಿಗೆ ಬಯಕೆಯ ಅಡುಗೆ ಮಾಡಿ ಉಣಿಸುವ ಹಾಗೆ ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಪೂಜೆ ಮಾಡಿ, ಮಾಡಿದ ಅಡುಗೆಯನ್ನು ಬೆಳೆಯ ಮೇಲೆ ಚೆಲ್ಲುತ್ತೇವೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ.

"ಉಣ್ಣಾಕ ಅಂತ ಕರದು ಹೊಟ್ಟಿ ಮ್ಯಾಲ ಕುಡಗೋಲ ಇಡತಾರೇನು?" ಎಂದು ಆಯಿ ಕೇಳುತ್ತಿದ್ದಳು. 

ನಾನು ಹೇಳಹೊರಟಿರುವುದು ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷದ ಹುಣ್ಣಿಮೆಯನ್ನು. ಆಗ ನಾನು ಪದವಿ ಮುಗಿಸಿ, ಬೆಳಗಾವಿಯ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿಯಾಗಿ ಸೇರಿ ಕೆಲವೇ ತಿಂಗಳುಗಳಾಗಿದ್ದವು. ಟಿಳಕವಾಡಿಯಲ್ಲಿ ರೇಲ್ವೆ ಸ್ಟೇಶನ್ನಿಗೆ ಸಮೀಪದ ಮನೆಯೊಂದರ ಹಿಂದಿನ ಖೋಲಿಯಲ್ಲಿ ಬಾಡಿಗೆಗೆ ಇದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಆದ್ದರಿಂದ ಎಲ್ಲಿ ಏನು ತಪ್ಪುತ್ತೇನೋ ಎಂಬ ಅಳುಕು ನನ್ನನ್ನು ಬಿಟ್ಟಿರಲಿಲ್ಲ. ಶಿಕ್ಷಕಿಯರ ಕೊಠಡಿಯಲ್ಲಿ 'ಐತಿ' ಎಂಬುದು ನಾಲಗೆಯ ತುದಿಗೆ ಬಂದರೆ ಅದನ್ನು ನುಂಗಿ 'ಇದೆ' ಎನ್ನುತ್ತಿದ್ದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಅವ್ವ ಹೇಳಿಕಳಿಸಿದ್ದ ಸಾಮಾನುಗಳಿಗಾಗಿ ರವಿವಾರ ಪೇಟೆ ಎಂಬ ಬಜಾರಕ್ಕೆ ಹೋದೆ. ಬೆಲ್ಲದ ಅಂಗಡಿಯವರು ನನ್ನ ಸೀರೆಯ ಮೇಲಿನ ಸೀಮೆಸುಣ್ಣದ ಪುಡಿಯನ್ನು ನೋಡಿ, "ಟೀಚರಬಾಯಾರ, ಚಹಾಕ್ಕ ಬೇಕೋ ಹೋಳಿಗಿಗೆ ಬೇಕೋ?" ಎಂದರು.

"ಹೋಳಿಗೆಗೆ. ನಾಳೆ ಹುಣ್ಣಿಮೆ ಇದೆಯಲ್ಲ."

"ಹಂಗಂದ್ರ ಇದು ಬ್ಯಾಡ್ರಿ, ಇದನ್ನ ಒಯ್ದ್ರ ನಿಮ್ಮವ್ವ ನಿಮ್ಮನ್ನ ಹೊಳ್ಳಿ ಕಳಸತಾಳ. ಆ ಮೂಲ್ಯಾಗಿನ ಬೆಲ್ಲದ ಪೆಂಟಿ ತೊಗೋರಿ."

ಬೆಲ್ಲ, ಕಡಲೆಬೇಳೆ, ಏಲಕ್ಕಿಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಖಾನಾಪುರಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು ಸಂಜೆಗೆ ಊರು ಸೇರಿದೆ.

ನಮ್ಮ ಊರಿನಲ್ಲಿ ಕನ್ನಡದ ಮನೆಗಳೂ ಮರಾಠಿಯ ಮನೆಗಳೂ ಗೋಡೆಗೆ ಗೋಡೆ ಹಚ್ಚಿಕೊಂಡಿವೆ. ಬಾಜೂ ಮನೆಯ ಕಾಕಾ ಮತ್ತು ಅವರ ಹೆಂಡತಿ ಕಾಕೂ ಮರಾಠಿ ಮಾತಿನವರು. ಅವರ ಗದ್ದೆಯೂ ನಮ್ಮ ಗದ್ದೆಯ ಬಾಜೂಕ್ಕೇ ಇತ್ತು. ಸುಗ್ಗಿಯಲ್ಲಿ ನಮ್ಮ ಮನೆಯವರು ಅವರ ಗದ್ದೆಯಲ್ಲಿ ದುಡಿಯುವುದು, ಅವರ ಮನೆಯವರು ನಮ್ಮ ಗದ್ದೆಯಲ್ಲಿ ದುಡಿದು ಅದನ್ನು ತೀರಿಸುವುದು ಹಿಂದಿನಿಂದ ನಡೆದುಬಂದಿತ್ತು. ಈ ಪದ್ಧತಿಗೆ ಮುಯ್ಯಾಳು ಎಂದು ಹೆಸರು. ಆ ವರ್ಷ ಸರದಿಯಲ್ಲಿ ಅವರದು ಮೊದಲು ಬಂದಿತ್ತು. ಅವರ ಭತ್ತದ ಕೊಯ್ಲು ಹುಣ್ಣಿಮೆಯ ಮೊದಲೇ ಮುಗಿಯಿತು. ನಮ್ಮದು ಹುಣ್ಣಿಮೆ ಕಳೆದ ಮೇಲೆ ಎಂದು ನಿಶ್ಚಯವಾಗಿತ್ತು.

ನಮ್ಮ ಗದ್ದೆಯಲ್ಲಿ ಎರಡು ಭಾಗಗಳಿದ್ದವು. ಕೆಳಗಿನ ಗದ್ದೆಯ ಭತ್ತ ಇನ್ನೂ ಹಸಿರಾಗಿ ಹೊಡೆ ಹಿಡಿದು, ತೆನೆಯನ್ನು ಒಡಲಲ್ಲೇ ಇಟ್ಟುಕೊಂಡು ನಿಂತಿತ್ತು. ಮೇಲಿನ ಗದ್ದೆಯದು ಬೇಗ ಮಾಗುವ ಭತ್ತ. ಅದು ಹಣ್ಣಾಗಿ ಬಾಗಿತ್ತು. ಕೆಳಗಿನದನ್ನು ಮಾರುತ್ತಿದ್ದೆವು. ಮನೆಯವರು ವರ್ಷವಿಡೀ ಉಣ್ಣುವ ಅನ್ನ, ಮುಂದಿನ ವರ್ಷದ ಬೀಜ, ಎತ್ತುಗಳ ಹುಲ್ಲು ಇವೆಲ್ಲ ಮೇಲಿನ ಗದ್ದೆಯಿಂದಲೇ ಬರಬೇಕಾಗಿತ್ತು.

ಹುಣ್ಣಿಮೆಯ ಬೆಳಿಗ್ಗೆ ಅವ್ವ ಹೂರಣ ರುಬ್ಬುತ್ತಿದ್ದಳು. ನಾನು ಬದನೆಕಾಯಿ ಸೀಳುತ್ತಿದ್ದೆ. ಆಯಿ ಒಲೆಯ ಮುಂದೆ ಕುಳಿತು ಪುಂಡಿಪಲ್ಯ ತಿರುವುತ್ತಿದ್ದಳು. ಅಷ್ಟರಲ್ಲಿ ಅಪ್ಪ ಹೊಲದಿಂದ ಬಂದು ಹೊಸ್ತಿಲಲ್ಲೇ ನಿಂತ. ಕಾಲು ತೊಳೆದಿರಲಿಲ್ಲ.

"ಯವ್ವಾ, ಪಡುವಣ ದಿಕ್ಕ ನೋಡಿದೇನು? ಗೋವಾ ಕಡೆ ಕಪ್ಪ ಕಟ್ಟೇತಿ. ಸಂಜೀತನಾ ತಡಿಯೂದಿಲ್ಲ ಇದು."

"ನೋಡೀನಿ. ಕಣ್ಣ ಮಂಜಾಗ್ಯಾವ ಖರೇ, ಮೋಡ ಕಾಣದಷ್ಟೇನ ಆಗಿಲ್ಲ."

"ಮತ್ತ?"

"ಮತ್ತೇನ ಮತ್ತ? ಹುಣ್ಣಿವಿ ಐತಿ."

"ಭತ್ತ ಬಾಗಿ ನಿಂತೈತಿ ಬೇ. ಒಂದ ಮಳಿ ಬಿದ್ದರ ನೆಲಾ ಹಿಡಿತೈತಿ. ನೀರಾಗ ಬಿದ್ದಲ್ಲೇ ಮೊಳಕಿ ಒಡಿತೈತಿ. ಆಮ್ಯಾಲ ವರ್ಷಪೂರಾ ಏನ ಉಣ್ಣೂದು?"

ಆಯಿ ಸೌಟನ್ನು ಪಾತ್ರೆಯ ಅಂಚಿಗೆ ಒರಸಿದಳು. "ನಿಮ್ಮಪ್ಪ ಇದ್ದಾಗೂ ಮೋಡ ಬರತಿದ್ದುವು. ಅಂವ ಜಂತಿಗೆ ಕೈ ಹಾಕಿದಾವಲ್ಲ."

ಅಪ್ಪ ಕಣ್ಣೆತ್ತಿ ಮೇಲೆ ನೋಡಿದ. ಜಂತಿ ಅವನ ತಲೆಯ ಮೇಲೆಯೇ ಇತ್ತು. ಕೈ ಎತ್ತಿದರೆ ಎಟಕುವಷ್ಟು ಎತ್ತರ. ಅವನು ಕೈ ಎತ್ತಲಿಲ್ಲ. ಬೆಳೆ ಹೋದರೆ ನಷ್ಟ ಯಾರಿಗೆ ಎಂಬುದು ಅವನಿಗೆ ತಿಳಿಯದ ಮಾತಲ್ಲ. ಆದರೂ ತಾಯಿಯ ಮಾತನ್ನು ದಾಟಿ ತಂದ ಅನ್ನ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಗೆ ಸುಮ್ಮನೆ ನಿಲ್ಲುವುದಕ್ಕೆ ಎಷ್ಟು ಬಲ ಬೇಕು ಎಂಬುದು ಆಗ ನನಗೆ ಅರ್ಥವಾಗಿರಲಿಲ್ಲ. ಈಗ ಆ ನಿಲುವನ್ನು ನೆನೆದಾಗ ಗೌರವ ಮೂಡುತ್ತದೆ.

ಆಗಲೇ ಹೊರಗಿನಿಂದ ಕಾಕೂ ಅವರ ದನಿ ಕೇಳಿಸಿತು. "ಅಕ್ಕಾ, ಒಳಗ ಅದೀರೇನ್ರಿ?"

ಅವರ ಒಂದು ಕೈಯಲ್ಲಿ ಅರಿಶಿನ ಕುಂಕುಮ ಇಟ್ಟಿದ್ದ ತಾಮ್ರದ ತಾಟು, ಇನ್ನೊಂದು ಕೈಯಲ್ಲಿ ಕುಡಗೋಲು. ಅದನ್ನು ಕಂಡ ಕೂಡಲೇ ಅವ್ವ ಆಯಿಯ ಮುಖವನ್ನು ನೋಡಿದಳು. ಆಯಿ ಪಲ್ಯ ತಿರುವುತ್ತಲೇ ಇದ್ದಳು.

ಅದೇ ಹುಣ್ಣಿಮೆಯನ್ನು ಕಾಕೂ ಅವರ ಮನೆಯಲ್ಲಿ ಹೊಸ ಬೆಳೆಯ ಹುಣ್ಣಿಮೆ ಎಂದು ಆಚರಿಸುತ್ತಿದ್ದರು. ಅಂದು ಗದ್ದೆಗೆ ಹೋಗಿ, ನಿಂತ ಭತ್ತದಿಂದ ತೆನೆಗಳನ್ನು ಕೊಯ್ದು ತಂದು, ಮಾವಿನ ಎಲೆಯ ಜೊತೆ ಗೊಂಚಲು ಮಾಡಿ ಬಾಗಿಲಿಗೆ ಕಟ್ಟಬೇಕು. ಹಿಂದೆ ಕೊಯ್ದಿಟ್ಟ ತೆನೆ ನಡೆಯುವುದಿಲ್ಲ. ನಮ್ಮ ಮನೆಯಲ್ಲಿ ಕುಡಗೋಲು ಜಂತಿಗೆ ಏರುವ ದಿನವೇ ಅವರ ಮನೆಯಲ್ಲಿ ಕುಡಗೋಲಿಗೆ ಕುಂಕುಮ ಹಚ್ಚುತ್ತಿದ್ದರು. ನಡುವೆ ಒಂದೇ ಗೋಡೆ ಇತ್ತು. ಆದರೂ ಇವರದು ತಪ್ಪು ಎಂದು ಅವರಾಗಲಿ, ಅವರದು ತಪ್ಪು ಎಂದು ಇವರಾಗಲಿ ಅಂದದ್ದನ್ನು ನಾನು ಕೇಳಿಲ್ಲ.

"ಅಗ ಬಾಯಿ, ನಮ್ಮ ಮಂದಿ ಮಾಡಿದ್ದ ನೋಡ್ರಿ," ಎಂದು ಕಾಕೂ ಕಟ್ಟೆಯ ಮೇಲೆ ಕುಳಿತರು. "ಮೊನ್ನೆ ಎಲ್ಲಾರೂ ಕೂಡಿ ಕೊಯ್ಯೂ ಹುರುಪಿನ್ಯಾಗ ಮೂಲೀನೂ ಬಿಡಲಿಲ್ಲ. ಇವತ್ತಿಗಂತ ಒಂದ ಹಿಡಿ ನಿಲ್ಲಿಸಬೇಕ ಅನ್ನೂದ ಒಬ್ಬರಿಗೂ ನೆನಪಾಗಲಿಲ್ಲ. ಈಗ ಬಾಗಲಿಗೆ ಏನ ಕಟ್ಟಲಿ, ನನ್ನ ಜಡೀನ?"

ಅಪ್ಪ ಕಾಲ ಬೆರಳುಗಳನ್ನು ನೋಡಿಕೊಂಡ. ಮುಯ್ಯಾಳಾಗಿ ಹೋಗಿದ್ದಾಗ ಆ ಕೊನೆಯ ಮೂಲೆಯನ್ನು ಕೊಯ್ದವನು ಅವನೇ.

ಆಯಿಗೆ ನಗು ಬಂತು. "ಅದಕ್ಯಾಕ ಜಡಿ ಕೊಯ್ಕೊಳ್ತಿ? ನಮ್ಮ ಮ್ಯಾಲಿನ ಗದ್ದಿ ನಿಂತೈತಲ್ಲ. ನಿನ್ನ ಕುಡಗೋಲು, ನಿನ್ನ ದೇವರು. ಎಷ್ಟ ಬೇಕ ಅಷ್ಟ ಕೊಯ್ಕೊಂಡ ಹೋಗು."

ಅವ್ವ ರುಬ್ಬುಗುಂಡನ್ನು ಅಲ್ಲಿಯೇ ಬಿಟ್ಟು ಕೈ ಒರಸಿಕೊಂಡಳು. ಅವಳು ಹೆಚ್ಚು ಮಾತಿನವಳಲ್ಲ. ಅತ್ತೆಯ ಎದುರು ದನಿ ಎತ್ತಿದವಳೂ ಅಲ್ಲ.

"ವೈನೀ, ನಿಮ್ಮ ಬಾಗಲಾ ಎಷ್ಟ ದೊಡ್ಡದೈತ್ರಿ?" ಎಂದು ಕಾಕೂ ಅವರನ್ನು ಮೆಲ್ಲಗೆ ಕೇಳಿದಳು.

"ಬಾಗಲಾ?" ಕಾಕೂ ಮೊದಲು ಅವ್ವನ ಮುಖ ನೋಡಿದರು. ಬಳಿಕ ಹೊರಗಿನ ಮೋಡವನ್ನು ನೋಡಿದರು, ಹೊಸ್ತಿಲಲ್ಲಿ ನಿಂತಿದ್ದ ಅಪ್ಪನನ್ನು ನೋಡಿದರು. ಅವರ ಹುಬ್ಬು ಮೇಲೇರಿತು. "ಬಾಗಲಾ ಏನ ಸಣ್ಣದಲ್ಲ ಬಿಡ್ರಿ ಅಕ್ಕಾ. ಮುಂದಿನ ಬಾಗಲಾ ಐತಿ, ಹಿತ್ತಲ ಬಾಗಲಾ ಐತಿ, ದನದ ಕೊಟಗಿಗೆ ಒಂದೈತಿ. ಇಬ್ಬರು ಸೊಸ್ತೇರ ಖೋಲಿಗೂ ಕಟ್ಟಬೇಕು."

"ಕಿಡಕಿಗೆ?"

"ಕಿಡಕೀಗೂ ಕಟ್ಟೂಣು. ಯಾರ ಬ್ಯಾಡ ಅಂತಾರ?"

"ಹಂಗಂದ್ರ ತೆನಿ ಭಾಳ ಬೇಕಾಗತಾವಲ್ಲರಿ."

"ಭಾಳ. ಒಬ್ಬಾಕಿ ಕೈಲೆ ಆಗೂದಿಲ್ಲ. ಮನೀ ಮಂದೀನೆಲ್ಲ ಕರಕೊಂಡ ಬರತೀನಿ."

"ನಾ ಇನ್ನೂ ಸತ್ತಿಲ್ಲ," ಎಂದಳು ಆಯಿ ಒಲೆಯ ಕಡೆ ಮುಖ ಮಾಡಿಕೊಂಡೇ. "ಕಿವಿನೂ ಕೇಳಸತಾವು."

  ಆಯಿ ಕಟ್ಟಿಗೆಯನ್ನು ಹಿಂದಕ್ಕೆ ಎಳೆದು ಉರಿ ತಗ್ಗಿಸಿದಳು. ಆಮೇಲೆ ನಮ್ಮ ಕಡೆ ತಿರುಗಿದಳು.

"ಕೆಳಗಿನಾಕಿ ಬಸುರಿ. ಮ್ಯಾಲಿನಾಕಿ ದಿನಾ ತುಂಬಿದಾಕಿ. ಹುಣ್ಣಿವಿ ಐತಿ ಅಂತ ಹೆರಿಗಿ ನಿಲ್ಲಸಾಕ ಬರತೈತೇನು? ಹಡಿಸಾಕ ಹೊರಗಿನಾಕಿನ ಬರಬೇಕು. ಬರಲಿ. ಆದರ ನಮ್ಮ ಮನೀದು ಒಂದ ಕೈ ಕುಡಗೋಲ ಹಿಡೀಬಾರದು. ಮೊದಲ ಭೂಮಿಗೆ ಉಣಸಬೇಕು. ಆಮ್ಯಾಲ ಕೊಯ್ಯೂ ಮಂದಿ ಉಣ್ಣಬೇಕು, ನಮ್ಮಕಿಂತ ಮೊದಲ. ಮತ್ತ ಕೇಳ್ರಿ, ಮಳಿ ಬಂತು ಅಂತ ಒಂದ ಪದಾರ್ಥ ಕಡಿಮಿ ಮಾಡಿದರ ನಾ ಒಪ್ಪೂದಿಲ್ಲ. ಬಯಕಿ ಊಟದಾಗ ಚೌಕಾಶಿ ನಡಿಯೂದಿಲ್ಲ."

ನಾನು ಓದಿದ ಪುಸ್ತಕಗಳಲ್ಲಿ ಸಂಪ್ರದಾಯವೆಂದರೆ ಮುರಿಯುವುದು ಅಥವಾ ಪಾಲಿಸುವುದು, ಈ ಎರಡೇ ದಾರಿಗಳಿದ್ದವು. ಆಯಿ ಒಲೆಯ ಮುಂದೆ ಕುಳಿತಲ್ಲಿಯೇ ತನ್ನ ನಿಯಮದ ಒಂದು ಎಳೆಯೂ ಹರಿಯದಂತೆ ಅದರೊಳಗೆ ಜಾಗ ಮಾಡಿದಳು. ಆ ಜಾಗವನ್ನು ಮೊದಲು ಕಂಡವಳು ಅವ್ವ. ಹೇಳದೆಯೇ ಅದನ್ನು ಹಿಡಿದುಕೊಂಡವರು ಕಾಕೂ.

ಇನ್ನು ಉಳಿದದ್ದು ಅಡುಗೆಯ ಪ್ರಶ್ನೆ. ಸಾಮಾನ್ಯವಾಗಿ ಎಲ್ಲ ಮುಗಿದು ಹೊಲಕ್ಕೆ ಹೊರಡುವಾಗ ಮಧ್ಯಾಹ್ನವಾಗುತ್ತಿತ್ತು. ಅಷ್ಟು ಸಮಯ ಈ ಸಲ ಇರಲಿಲ್ಲ. ಹೋಳಿಗೆ, ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಸಜ್ಜೆಯ ರೊಟ್ಟಿ, ಮೊಸರನ್ನ, ಶೇಂಗಾ ಚಟ್ನಿ, ಒಂದನ್ನೂ ಬಿಡುವಂತಿಲ್ಲ. ಕಾಕೂ ಮನೆಗೆ ಹೋಗಿ ಇಬ್ಬರು ಸೊಸೆಯರನ್ನು ಕರೆದುಕೊಂಡು ಬಂದರು. ಹಬ್ಬದ ಅಡುಗೆಗೆ ಹೊರಗಿನವರ ಕೈ ತಾಗಬಾರದು ಎಂಬುದೂ ಆಯಿಯ ಕಟ್ಟಳೆಗಳಲ್ಲಿ ಒಂದಾಗಿತ್ತು. ಹೆಂಗಸರು ಪಡಸಾಲೆಯಲ್ಲಿ ಹಿಂಜರಿದು ನಿಂತದ್ದನ್ನು ಕಂಡು ಆಯಿಯೇ ಎದ್ದು, ಮಣೆ ಲಟ್ಟಣಿಗೆಗಳನ್ನು ಅವರ ಕಡೆಗೆ ಸರಿಸಿದಳು.

"ಒಲಿ ನಮ್ಮದು, ಲಟ್ಟಣಗಿ ನಿಮ್ಮದು. ದಪ್ಪ ಮಾಡಬ್ಯಾಡ್ರೆವಾ, ನಿಮ್ಮ ಮನಿ ಚಪಾತಿ ನಾ ನೋಡೀನಿ."

"ಆಯೀ, ನಿಮ್ಮ ಬಾಯಾಗ ಹಲ್ಲ ಎಷ್ಟ ಅದಾವ ನಮಗ ಗೊತ್ತೈತ್ರಿ. ತೆಳ್ಳಗ ಮಾಡತೀವಿ," ಎಂದಳು ಕಿರಿಯ ಸೊಸೆ. ಮೊದಲು ನಕ್ಕವಳು ಆಯಿಯೇ.

ಲಟ್ಟಿಸುವವರು ಲಟ್ಟಿಸಿದರು, ಬೇಯಿಸುವವರು ಬೇಯಿಸಿದರು. ಅವ್ವ ಕಾವಲಿಯ ಮುಂದಿನಿಂದ ಏಳಲಿಲ್ಲ. ನಾನು ಬುಟ್ಟಿಗೆ ಬಾಳೆಎಲೆ ಹಾಸಿ ಒಂದೊಂದನ್ನೇ ಜೋಡಿಸಿದೆ. ಮಧ್ಯಾಹ್ನಕ್ಕೆ ಬಹಳ ಮೊದಲೇ ಅವ್ವ ತಲೆಯ ಮೇಲೆ ಸಿಂಬಿಯಿಟ್ಟು ಬುಟ್ಟಿ ಹೊತ್ತಳು. ಮೋಡ ಆಗಲೇ ಅರ್ಧ ಆಕಾಶವನ್ನು ಹಿಡಿದಿತ್ತು. ಗಾಳಿ ಬಿದ್ದುಹೋಗಿ, ಬಾಗಿದ ತೆನೆಗಳು ಅಲುಗದೆ ನಿಂತಿದ್ದವು.

ಕೆಳಗಿನ ಗದ್ದೆಯ ಬದುವಿನ ಮೇಲೆ ಅಪ್ಪ ಸುಣ್ಣ ಹಚ್ಚಿದ ಐದು ಕಲ್ಲುಗಳನ್ನು ನಿಲ್ಲಿಸಿದ. ಅವು ಪಾಂಡವರು. ಅವುಗಳ ಹಿಂದೆ ಇನ್ನೊಂದು ಕಲ್ಲು, ಅದು ಕಳ್ಳ. ವಿಭೂತಿ, ಕುಂಕುಮ, ಹೂವು ಏರಿಸಿದ ಮೇಲೆ ಆಯಿ ಹಸಿರು ಖಣವನ್ನು ಬೆಳೆಗೆ ಹೊದಿಸಿ ಉಡಿ ತುಂಬಿದಳು. ಆಕಾಶ ಗುಡುಗಿತು. ಆಯಿ ತಲೆ ಎತ್ತಲಿಲ್ಲ. ಅಕ್ಕಿ, ಅಡಿಕೆ, ಉತ್ತತ್ತಿಗಳನ್ನು ಒಂದೊಂದಾಗಿ, ಎಂದಿನ ನಿಧಾನದಲ್ಲೇ ಇಟ್ಟಳು. ಅಷ್ಟು ದೂರದಲ್ಲಿ ಕಾಕಾ, ಅವರ ಇಬ್ಬರು ಮಕ್ಕಳು, ಕಾಕೂ ಮತ್ತು ಸೊಸೆಯರು ಕುಡಗೋಲುಗಳನ್ನು ನೆಲಕ್ಕಿಟ್ಟು ಕೈಮುಗಿದು ನಿಂತಿದ್ದರು.

ಅಪ್ಪ ಚರಗದ ಬುಟ್ಟಿ ಹಿಡಿದು ಮುಂದೆ ನಡೆದ. "ಹುಲ್ಲುಲ್ಲಿಗ್ಯೋ" ಎಂದು ಕೂಗಿದ. ಹಿಂದಿನಿಂದ "ಚಲ್ಲಂಬರಗ್ಯೋ" ಎಂದು ದನಿಗೂಡಿಸುವುದು ನಮ್ಮ ಕೆಲಸ. ಕಾಲೇಜಿಗೆ ಸೇರಿದ ಮೇಲೆ ಹಾಗೆ ಕೂಗಲು ನಾನು ನಾಚುತ್ತಿದ್ದೆ. ಅಂದು ಕಾಕಾ ಅವರ ಮನೆಯವರೂ ಕೂಗಿದರು, ನಮಗಿಂತ ಗಟ್ಟಿಯಾಗಿ. ನನ್ನ ದನಿಯೂ ಅದರಲ್ಲಿ ಸೇರಿತು.

ಬದುವಿನ ಮೇಲೆ ಸಾಲಾಗಿ ಕುಳಿತ ಅವರಿಗೆ ಆಯಿ ತಾನೇ ಬಡಿಸಿದಳು. "ಅರಾಮ ಉಣ್ರಿ," ಎಂದಳು.

"ಅರಾಮ ಉಣ್ಣೂಣಂದರ ಮ್ಯಾಲಿನಾಂವ ಬಿಡವಲ್ಲ," ಎಂದರು ಕಾಕಾ, ಎರಡು ತುತ್ತಿಗೆ ಒಂದು ಹೋಳಿಗೆ ಮುಗಿಸುತ್ತ.

ಆಮೇಲೆ ಅವರು ಮೇಲಿನ ಗದ್ದೆಗೆ ಹೋದರು. ಮೊದಲ ಹಿಡಿಯನ್ನು ಕಾಕೂ ಕೊಯ್ದು, ಕಣ್ಣಿಗೆ ಒತ್ತಿಕೊಂಡು, ತಾಮ್ರದ ತಾಟಿನಲ್ಲಿಟ್ಟರು. ನಂತರ ಆರು ಕುಡಗೋಲುಗಳೂ ಸಾಲು ಹಿಡಿದವು.  ಕೊಯ್ಯುವ ಸಪ್ಪಳ ಮಾತ್ರ ಇತ್ತು. ಸಾಲು ಬದುವಿನಿಂದ ಬದುವಿಗೆ ಹೋಗಿ, ಬೆನ್ನು ನೆಟ್ಟಗೆ ಮಾಡದೆ ಹೊರಳಿ ಬರುತ್ತಿತ್ತು.

ಅಪ್ಪನ ಅವಸ್ಥೆಯನ್ನು ಅಂದು ನೋಡಬೇಕಾಗಿತ್ತು. ಹುಟ್ಟಿದಾಗಿನಿಂದ ಕೈಕಟ್ಟಿ ಕುಳಿತವನಲ್ಲ. ತನ್ನ ಗದ್ದೆಯಲ್ಲಿ ಬೇರೆಯವರು ಬೆವರು ಸುರಿಸುವಾಗ ಅವನು ಬದುವಿನ ಮೇಲೆ ಅತ್ತಿಂದಿತ್ತ ನಡೆಯುತ್ತ, ಒಮ್ಮೆ ಕೈಯನ್ನು ಬೆನ್ನ ಹಿಂದೆ ಕಟ್ಟುತ್ತ, ಒಮ್ಮೆ ಕಂಕುಳಲ್ಲಿ ಇಟ್ಟುಕೊಳ್ಳುತ್ತ ಇದ್ದ. ಕೊನೆಗೆ ಆಯಿಯ ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕುಳಿತ.

"ಯವ್ವಾ, ಕೊಯ್ಯೂದಿಲ್ಲ. ಖರೇ, ಕೊಯ್ದಿದ್ದನ್ನ ಹೊರಲೇನು?"

ಆಯಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಹಡದ ಮ್ಯಾಲ ಕೂಸಿನ್ನ ಎತ್ಕೊಳ್ಳಾಕ ಮನಿಯವರನ್ನ ಬ್ಯಾಡ ಅಂತಾರೇನ ಹುಚ್ಚಾ? ಏಳು."

ಅಪ್ಪ ಎದ್ದ ರಭಸಕ್ಕೆ ಅವನ ರುಮಾಲು ಕೆಳಗೆ ಬಿತ್ತು. ಕಾಕಾ ಅವರ ಮಕ್ಕಳು ಕಟ್ಟಿದ ಭತ್ತದ ಸಿವುಡುಗಳನ್ನು ಅವನು ತಲೆಯ ಮೇಲೆ ಹೊತ್ತು ಮನೆಗೆ ಸಾಗಿಸತೊಡಗಿದ. ಅವ್ವ ಹೊತ್ತಳು, ನಾನೂ ಹೊತ್ತೆ. ಭತ್ತದ ಮುಳ್ಳು ಕುತ್ತಿಗೆಗೆ ಚುಚ್ಚಿ ಉರಿಯುತ್ತಿತ್ತು. ಆಯಿ ಬದುವಿನ ಮೇಲೆ ಕುಳಿತು, ದಾರಿಯಲ್ಲಿ ಉದುರಿದ ತೆನೆಗಳನ್ನು ಸೆರಗಿನಲ್ಲಿ ಆಯ್ದುಕೊಳ್ಳುತ್ತಿದ್ದಳು.

ಮೇಲಿನ ಗದ್ದೆಯ ಬಹುಪಾಲು ಬರಿದಾಗುವವರೆಗೆ ಮಳೆ ಕಾಯಿತು. ಆಮೇಲೆ ಕಾಯಲಿಲ್ಲ. ಪಡುವಣದ ಅಂಚಿನಲ್ಲಿ ಇನ್ನೂ ಒಂದು ಪಟ್ಟಿ ನಿಂತಿರುವಾಗಲೇ ದಪ್ಪ ಹನಿಗಳು ಬಿದ್ದವು. ಕಾಕಾ ಅವರ ಹಿರಿಯ ಮಗ ಆ ಪಟ್ಟಿಯ ಕಡೆಗೆ ಓಡಿದ. ಅಪ್ಪ ಅವನ ತೋಳು ಹಿಡಿದ.

"ಸಾಕೋ ತಮ್ಮಾ. ಸಿಡಿಲ ಹೊಡಿಯಾಕತ್ತೇತಿ. ಬಿಡು, ಅದು ಮಳೀದು."

ಕಟ್ಟಿದ್ದ ಸಿವುಡುಗಳನ್ನು ಎಲ್ಲರೂ ಹೊತ್ತು ಓಡಿದೆವು. ಸಂಜೆಯ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಗೋಡೆಯಿಂದ ಗೋಡೆಗೆ ಭತ್ತ. ಹಸಿ ಹುಲ್ಲಿನ ಬೆಚ್ಚನೆಯ ವಾಸನೆ ಅಡುಗೆಮನೆಯವರೆಗೂ ತುಂಬಿತ್ತು. ಎರಡೂ ಮನೆಯವರು ಒದ್ದೆ ಬಟ್ಟೆಯಲ್ಲೇ, ನಿಂತುಕೊಂಡು, ಉಳಿದಿದ್ದ ಕಡಬುಗಳನ್ನು ತಿಂದೆವು. ಬೆಳಗಿನಿಂದ ಏನೂ ತಿನ್ನದಿದ್ದ ಅಪ್ಪ ಸಿವುಡುಗಳ ನಡುವೆ ನಿಂತು ಮೊಸರನ್ನ ಉಂಡ. ಉಣ್ಣುತ್ತ ಎರಡು ಸಲ ಅವ್ವನ ಕಡೆಗೆ ನೋಡಿದ. ಹೆಂಡತಿಯನ್ನು ಬಾಯಿಬಿಟ್ಟು ಹೊಗಳುವ ರೂಢಿ ಅವನ ಕಾಲದ ಗಂಡಸರಿಗೆ ಇರಲಿಲ್ಲ. "ಇನ್ನೊಂದೀಟ ಹಾಕಲೇನು?" ಎಂದು ಅವಳು ಕೇಳಿದಾಗ, ಹೊಟ್ಟೆ ತುಂಬಿದ್ದರೂ ತಾಟು ಮುಂದೆ ಹಿಡಿದ.

ಹೊರಡುವಾಗ ಕಾಕೂ ತಾಟಿನ ತೆನೆಗಳ ಮೇಲೆ ಸೆರಗು ಮುಚ್ಚಿಕೊಂಡರು. ಇಂದಿನ ದುಡಿಮೆಯನ್ನು ಮುಯ್ಯಿಗೆ ಹಿಡಿಯಬೇಕು, ಇನ್ನು ನಿಮ್ಮದು ತೀರಿತು ಎಂದು ಅಪ್ಪ ಹೇಳಿದ.

"ಮುಯ್ಯಿ ಬ್ಯಾರೆ, ಇದು ಬ್ಯಾರೆ," ಎಂದು ಕಾಕೂ ಅವನ ಮಾತನ್ನು ಅಲ್ಲಿಗೇ ತಡೆದರು. "ನಾವು ತೆನಿ ತೊಗೊಳ್ಳಾಕ ಬಂದಿದ್ದಿವಿ. ಕೆಳಗಿನ ಗದ್ದಿ ಹಣ್ಣಾಗಲಿ, ಆವಾಗ ಮುಯ್ಯಿ."

ಮರುದಿನ ಶಾಲೆಯಿದ್ದುದರಿಂದ ನಾನು ಮೊದಲ ಬಸ್ಸನ್ನು ಹಿಡಿಯಬೇಕಾಗಿತ್ತು. ಬಸ್ಸು ನಿಲ್ಲುವ ಸ್ಥಳಕ್ಕೆ ಗದ್ದೆಯ ಬದುವಿನ ಮೇಲೇ ದಾರಿ. ಆಯಿ ಬೆಳಕು ಹರಿಯುವ ಮೊದಲೇ ಕುಡಗೋಲುಗಳನ್ನು ಕೆಳಗಿಳಿಸಿ ಅಪ್ಪನ ಕೈಗೆ ಕೊಟ್ಟಿದ್ದಳು. ಮಳೆಗೆ ಸಿಕ್ಕಿದ ಪಟ್ಟಿಯಲ್ಲಿ ಏನು ಉಳಿದಿದ್ದರೂ ತಡಮಾಡದೆ ಎತ್ತಬೇಕಾಗಿತ್ತು. ಅಪ್ಪ ಮುಂದೆ, ನನ್ನ ಚೀಲ ಹೊತ್ತ ಅವ್ವ ಅವನ ಹಿಂದೆ, ಕೆಸರಿಗೆ ಸೀರೆ ತಾಗದಂತೆ ಎತ್ತಿ ಹಿಡಿದ ನಾನು ಕೊನೆಗೆ.

ಕಾಕಾ ನಮಗಿಂತ ಮೊದಲೇ ಬಂದಿದ್ದರು. ಕಂಬಳಿಯ ಕೊಪ್ಪೆ ಹಾಕಿಕೊಂಡು, ನೆಲಕ್ಕೆ ಒರಗಿದ ಭತ್ತದ ಪಕ್ಕದಲ್ಲಿ ಬದುವಿನ ಮೇಲೆ ಕುಳಿತಿದ್ದರು. ಕುಡಗೋಲು ತೊಡೆಯ ಮೇಲಿತ್ತು. ಬಂದು ಬಹಳ ಹೊತ್ತಾಗಿರಬೇಕು, ಚಿಲುಮೆ ಆರಿಹೋಗಿತ್ತು. ಒಂದು ತೆನೆಯನ್ನೂ ಅವರು ಕೊಯ್ದಿರಲಿಲ್ಲ.

"ಯಾವಾಗ ಬಂದ್ರಿ?" ಎಂದ ಅಪ್ಪ. "ಚಾಲೂ ಮಾಡೂದಲ್ಲ?"

"ನಿನ್ನಿ ನಿಮಗ ಬಂಧನಾ ಇತ್ತು, ನಾವು ಕೊಯ್ದಿವಿ," ಎಂದರು ಕಾಕಾ. "ಇವತ್ತ ನಿಮಗ ಬಂಧನಾ ಇಲ್ಲ. ನಿಮ್ಮ ಗದ್ದಿ. ನೀವ ಮೊದಲ ಹಾಕ್ರಿ, ಆಮ್ಯಾಲ ನಾ ಹಾಕತೀನಿ."

ಅಪ್ಪ ಧೋತರವನ್ನು ಮೊಣಕಾಲ ಮೇಲೆ ಕಟ್ಟಿ ಕೆಸರಿಗೆ ಇಳಿದ. ಒದ್ದೆ ತೆನೆಗಳ ಒಂದು ಹಿಡಿಯನ್ನು ಎಡಗೈಯಿಂದ ಎತ್ತಿ, ಬುಡಕ್ಕೆ ಕುಡಗೋಲು ಹಾಕಿದ. ಆ ಸಪ್ಪಳ ಕೇಳಿದ ಮೇಲೆಯೇ ಕಾಕಾ ಬದುವಿನಿಂದ ಇಳಿದರು.